ಇಪ್ಪತ್ತೈದನೆಯ ದಳಕ್ಕೆ ಹೊಸ ಅಂಗಿ

ಈರುಳ್ಳಿ ಮೂಟೆಗಳು ಹಡಗಿಗೆ ಬಂದದ್ದೇ ತಡ, ಸಿಪಾಯಿಗಳ ಮುಖ ಬಾಡಿತು.

ಇಡೀ ಚಳಿಗಾಲ ಉಪ್ಪು ಹಾಕಿದ ಹಂದಿ ಮಾಂಸವನ್ನೂ ಕಲ್ಲಿನಂಥ ಬಿಸ್ಕತ್ತನ್ನೂ ತಿಂದು ನಾಲಿಗೆ ಕೆಟ್ಟಿದ್ದ ಜನ ಅವರು. ತಾಜಾ ಈರುಳ್ಳಿ ಕಂಡರೆ ಮೂಟೆಗೇ ಬಾಯಿ ಹಾಕಬೇಕಿತ್ತು. ಹಾಕಲಿಲ್ಲ. ಮೊನ್ನೆ ಎಲ್ಲರಿಗೂ ಹೊಸ ಅಂಗಿ ಹಂಚಿದ್ದರು. ನಿನ್ನೆ ಸೋಪು ಕೊಟ್ಟು ಮೀಯಿಸಿದ್ದರು. ಇವತ್ತು ಈರುಳ್ಳಿ. ಕೇಳದೆಯೇ ಇಷ್ಟೆಲ್ಲ ಉಪಕಾರ ಬಂದು ಮೈಮೇಲೆ ಬಿದ್ದರೆ ಯಾರಿಗಾದರೂ ಸಂಶಯ ಬರುತ್ತದೆ. ಇವರಿಗಂತೂ ಬರಲೇಬೇಕು.

ಅವರು ಇಪ್ಪತ್ತೈದನೆಯ ಸೇನಾದಳದವರು. ಅಮೆರಿಕದ ಉತ್ತರದವರೂ ದಕ್ಷಿಣದವರೂ ನಾಲ್ಕು ವರ್ಷ ಒಬ್ಬರನ್ನೊಬ್ಬರು ಕೊಂದುಕೊಂಡ ಯುದ್ಧದಲ್ಲಿ, ಅಲ್ಲಲ್ಲಿ ಚೆದುರಿದ್ದ ಕರಿಯರ ಪಲ್ಟನ್ನುಗಳನ್ನು ಒಟ್ಟುಗೂಡಿಸಿ ಉತ್ತರದ ಸರ್ಕಾರ ಕೊನೆಯ ಚಳಿಗಾಲದಲ್ಲಿ ಕಟ್ಟಿದ ದಳ. ಅಧಿಕಾರಿಗಳು ಬಿಳಿಯರು, ಸಾಯುವವರು ಮಾತ್ರ ಕರಿಯರು. ಟೋಪಿಯ ಮೇಲೆ ಚೌಕಾಕಾರದ ಬಟ್ಟೆಯ ಬಿಲ್ಲೆ. ರಿಚ್ಮಂಡ್ ಪಟ್ಟಣದ ಎದುರಿನ ಕೆಸರಿನಲ್ಲಿ ಕಂದಕ ತೋಡಿಕೊಂಡು ಚಳಿಗಾಲ ಕಳೆದವರು ಇವರು. ಏಪ್ರಿಲಿನಲ್ಲಿ ಹೊತ್ತಿ ಉರಿಯುತ್ತಿದ್ದ ಅದೇ ಪಟ್ಟಣದೊಳಗೆ ಮೊದಮೊದಲು ಕಾಲಿಟ್ಟವರಲ್ಲಿ ಇವರೂ ಇದ್ದರು. ಶತ್ರು ಶರಣಾದ ದಿನ ಎದುರು ನಿಂತವರಲ್ಲಿ ಇವರ ಪಲ್ಟನ್ನುಗಳೂ ಇದ್ದವು. ಆಮೇಲೆ ಏನಾಯಿತು? ಬಿಳಿಯರ ದಳಗಳು ವಾಷಿಂಗ್ಟನ್ನಿನ ಬೀದಿಗಳಲ್ಲಿ ಮೆರವಣಿಗೆ ಹೋದವು, ಹೂ ಎರಚಿಸಿಕೊಂಡವು, ಮನೆ ಸೇರಿದವು. ಇವರನ್ನು ನೋಡಿದರೆ ಸೋತ ಪಟ್ಟಣದ ದೊಡ್ಡ ಮನುಷ್ಯರ ಕಣ್ಣು ಉರಿಯುತ್ತದೆಂದು ಮೊದಲು ಊರಾಚೆ ಅಟ್ಟಿದರು. ಅಲ್ಲಿಂದ ಹಡಗು ಹತ್ತಿಸಿದರು. ಗೆದ್ದವರಿಗೆ ಸಿಕ್ಕ ಮರ್ಯಾದೆ ಇದು.

ಹಡಗು ಹ್ಯಾಂಪ್ಟನ್ನಿನ ರೇವಿನಲ್ಲಿ ಲಂಗರು ಹಾಕಿ ವಾರ ಕಳೆದಿತ್ತು. ಮುಂದಕ್ಕೆ ಹೋಗುತ್ತಿಲ್ಲ, ಯಾರನ್ನೂ ಕೆಳಗಿಳಿಸುತ್ತಿಲ್ಲ. ಜೂನ್ ತಿಂಗಳ ಸೆಕೆಗೆ ಹಲಗೆಗಳ ಸಂದಿನ ಡಾಂಬರು ಕರಗಿ ಪಾದಕ್ಕೆ ಅಂಟುತ್ತಿತ್ತು. ಮಲಗಿದವನು ಮಗ್ಗುಲು ಬದಲಿಸಬೇಕಾದರೆ ಪಕ್ಕದವನೂ ಎದ್ದು ಮಗ್ಗುಲು ಬದಲಿಸಬೇಕು. ಇದೆಲ್ಲಕ್ಕಿಂತ ದೊಡ್ಡ ಹಿಂಸೆ ಎಂದರೆ ದಡ ಕಾಣುತ್ತಿದ್ದದ್ದು. ದಡದ ಉದ್ದಕ್ಕೂ, ಯಜಮಾನರಿಂದ ತಪ್ಪಿಸಿಕೊಂಡು ಬಂದ ಗುಲಾಮರು ಹಳೆಯ ಹಲಗೆಗಳಲ್ಲಿ ಕಟ್ಟಿಕೊಂಡ ಗುಡಿಸಲುಗಳು. ಅವುಗಳಲ್ಲಿ ಇದ್ದವರು ಇವರ ಹೆಂಡಿರು ಮಕ್ಕಳೇ.

ಸಾರ್ಜೆಂಟ್ ಎಫ್ರಾಯಿಂ ಟಾಲಿವರನ ಹೆಂಡತಿ ಡಾರ್ಕಸ್ ಕೂಡ ಅಲ್ಲೇ ಇದ್ದಳು. ಯುದ್ಧ ಮುಗಿದ ವಾರ ರಜೆ ಸಿಕ್ಕಿ ಬಂದಿದ್ದಾಗ ಅವನು ಅವಳಿಗೆ ಒಂದು ಮಾತು ಹೇಳಿದ್ದ. ಅವರ ಮಗಳು ಹೆಪ್ಸಿಬಾಳನ್ನು ಹಾಲು ಬಿಡಿಸಿದ ವರ್ಷವೇ ಅವರ ಬಿಳಿಯ ಯಜಮಾನ ಡ್ಯಾನ್ವಿಲ್ಲಿನ ತನ್ನ ತಂಗಿಗೆ ಉಡುಗೊರೆ ಕೊಟ್ಟುಬಿಟ್ಟಿದ್ದ. ಆ ಹೆಸರಿನ ಹುಡುಗಿಯೊಬ್ಬಳು ಅಲ್ಲಿನ ತಂಬಾಕು ಕೊಠಡಿಯಲ್ಲಿ ಎಲೆ ಬಿಡಿಸುತ್ತಿದ್ದಾಳೆಂದು ಯಾರೋ ಕಂಡವರು ಹೇಳಿದ್ದರು. ದಾರಿ ದೂರ. ಸೋತು ಮನೆಗೆ ಮರಳುತ್ತಿದ್ದ ದಕ್ಷಿಣದ ಸಿಪಾಯಿಗಳು ಆ ದಾರಿಯ ತುಂಬ ತುಂಬಿದ್ದರು. ಕರಿಯ ಹೆಂಗಸೊಬ್ಬಳು ಒಂಟಿಯಾಗಿ ಹೋದರೆ ಅವರ ಸೋಲಿನ ಸಿಟ್ಟೆಲ್ಲ ಅವಳ ಮೇಲೆ ತೀರುತ್ತಿತ್ತು. ‘ಪಲ್ಟನ್ನಿನಿಂದ ಬಿಟ್ಟ ಕೂಡಲೆ ಬರ್ತೀನಿ, ಇಬ್ರೂ ಹೋಗಿ ಮಗೀನ ಕರ್ಕೊಂಡು ಬರಾಣ’ ಎಂದು ಎಫ್ರಾಯಿಂ ಹೇಳಿದ್ದ. ಹೊರಡುವ ದಿನ ಅವಳು ಅವನ ಅಂಗಿಯ ಗುಂಡಿ ಹಿಡಿದು ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿದ್ದಳು.

ಈರುಳ್ಳಿ ಬಂದ ಮಧ್ಯಾಹ್ನ ಡಾಕ್ಟರ್ ಬಂದ. ಎಲ್ಲರನ್ನೂ ಹಡಗಿನ ಮೇಲಟ್ಟದಲ್ಲಿ ಸಾಲಾಗಿ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಒಬ್ಬೊಬ್ಬರ ಗದ್ದ ಹಿಡಿದು ಮೇಲೆತ್ತಿದ.

"ಬಾಯಿ ತೆಗಿ. ಇನ್ನೂ ಅಗಲ."

ಹೆಬ್ಬೆರಳಿನಿಂದ ತುಟಿ ಮೇಲಕ್ಕೆ ಸರಿಸಿ ಒಸಡು ನೋಡಿದ, ಹಲ್ಲು ಅಲುಗಿಸಿ ನೋಡಿದ. ಕೈ ಕಾಲು ಮಡಚಿಸಿದ. ಕೆಮ್ಮಿಸಿದ. ನಾಲ್ಕು ಹೆಜ್ಜೆ ಓಡಿಸಿದ. ಪಾಪ, ಅವನು ನೋಡುತ್ತಿದ್ದದ್ದು ಒಸಡು ಕೊಳೆಯುವ ಕಾಯಿಲೆಯನ್ನು. ತಾಜಾ ತರಕಾರಿ ಇಲ್ಲದೆ ದೂರದ ಸಮುದ್ರಯಾನಕ್ಕೆ ಹೊರಟವರಿಗೆ ಬರುವ ಕಾಯಿಲೆ ಅದು. ಈರುಳ್ಳಿ ತರಿಸಿದ್ದೂ ಅದಕ್ಕೇ. ಆದರೆ ಹಾಗೆಂದು ಯಾರಿಗಾದರೂ ಹೇಳಬೇಕೆಂದು ಅವನಿಗೆ ಅನ್ನಿಸಲಿಲ್ಲ. ಸಿಪಾಯಿಗೆ ಯಾರು ತಾನೆ ಕಾರಣ ಹೇಳುತ್ತಾರೆ?

ಸಾಲಿನಲ್ಲಿ ನಿಂತವರ ಪೈಕಿ ಬಹಳ ಮಂದಿಯ ಗದ್ದವನ್ನು ಹಿಂದೆಯೂ ಬೇರೆ ಕೈಗಳು ಹೀಗೆಯೇ ಹಿಡಿದೆತ್ತಿದ್ದವು.

ಡಾಕ್ಟರ್ ಅತ್ತ ಹೋದ ಮೇಲೆ ಪ್ರೈಮಸ್ ವೀವರ್ ಬಾಯಿ ಬಿಟ್ಟ. ಪಲ್ಟನ್ನಿನಲ್ಲೇ ನಾಲಿಗೆ ಉದ್ದದವನು, ಕಂದಕದಲ್ಲಿ ಗುಂಡು ಹಾರುತ್ತಿದ್ದಾಗಲೂ ನಗಿಸುತ್ತಿದ್ದವನು. ಇವತ್ತು ಅವನ ಮುಖದಲ್ಲಿ ನಗು ಇರಲಿಲ್ಲ.

"ಹೊಸ ಅಂಗಿ ತೊಡಿಸಿದ್ರು. ಮೈ ತೊಳಿಸಿದ್ರು. ಮೇವು ಹಾಕಿದ್ರು. ಹಲ್ಲು ನೋಡಿದ್ರು. ಇನ್ನು ಹರಾಜಿಗೆ ನಿಲ್ಸೋ ಮುಂಚೆ ಮಖಕ್ಕೆ ಹಂದಿ ಕೊಬ್ಬು ಸವರಿ ಮಿಂಚೋ ಹಂಗೆ ಮಾಡೋದೊಂದು ಬಾಕಿ ಐತೆ. ಅದ್ನ ದಾರೀಲಿ ಮಾಡ್ತಾರೇನೋ."

"ಟೆಕ್ಸಾಸಿಗೆ ಹೋಗ್ತಾ ಇದೀವಿ ಕಣ್ಲಾ. ಗಡಿ ಕಾಯಾಕೆ," ಎಂದ ಎಫ್ರಾಯಿಂ.

"ಯಾರಂದ್ರು?"

"ಕ್ಯಾಪ್ಟನ್ ಅಂದ್ರು."

"ನನ್ನ ಮಾರಿದ ದಿನ ನಮ್ಮ ಯಜಮಾನ ಏನಂದಿದ್ದ ಗೊತ್ತೇನಣ್ಣ? ಮಿಲ್ಲಿಗಂಟ ಹೋಗಿ ಹಿಟ್ಟು ತಗೊಂಡು ಬರಾಣ ನಡಿ ಅಂದಿದ್ದ. ಆ ಹಿಟ್ಟಿನ್ನೂ ಮನೆ ಸೇರಿಲ್ಲ."

ಯಾರೂ ನಗಲಿಲ್ಲ. ಹಡಗಿನ ತುಂಬ ಹರಿದಾಡುತ್ತಿದ್ದ ಮಾತು ಒಂದೇ: ಕ್ಯೂಬಾ. ಯುದ್ಧಕ್ಕೆ ಸರ್ಕಾರ ಮಾಡಿದ ಸಾಲ ಬೆಟ್ಟದಷ್ಟಿದೆಯಂತೆ, ಅದನ್ನು ತೀರಿಸಲು ಇವರನ್ನು ಆ ದ್ವೀಪದ ಕಬ್ಬಿನ ಗದ್ದೆಗಳಿಗೆ ಮಾರುತ್ತಾರಂತೆ. ಅಲ್ಲಿ ಇನ್ನೂ ಮನುಷ್ಯರ ವ್ಯಾಪಾರ ಬಂದಾಗಿರಲಿಲ್ಲ. ದೂರದಲ್ಲಿ ಕುಳಿತವರಿಗೆ ಇದು ಹುಚ್ಚು ಮಾತು. ಆದರೆ ಹಡಗು ಹತ್ತಿದ ದಿನವೇ ಇವರ ಕೋವಿಗಳನ್ನು ಕಿತ್ತುಕೊಂಡು ತಳದ ಕೋಣೆಗೆ ಬೀಗ ಹಾಕಿದ್ದರು. ಉಪ್ಪು ಗಾಳಿಗೆ ಕೋವಿ ತುಕ್ಕು ಹಿಡಿಯುತ್ತದೆ ಎಂದಿದ್ದರು. ಅದು ಸುಳ್ಳೆಂದು ಗೊತ್ತಾಗಲು ಓದು ಬರಹ ಬೇಕಿರಲಿಲ್ಲ.

"ಸಂಜೆ ಊಟದ ಗಂಟೆ ಹೊಡೀಲಿ. ಬಿಳಿಯರೆಲ್ಲ ಊಟದ ಕೋಣೇಲಿರ್ತಾರೆ. ಕೀಲಿ ಕಿತ್ಕೊಂಡು ಕೋವಿ ತಗೊಳ್ಳೋದು, ದೋಣಿ ಇಳಿಸೋದು. ನೀನು ಹೂಂ ಅಂದ್ರೆ ಎಲ್ರೂ ಬರ್ತಾರೆ. ನೀನು ಊಹೂಂ ಅಂದ್ರೆ ಅರ್ಧ ಜನ ಕೂತ್ಕೊತಾರೆ, ಉಳಿದೋರು ಸಾಯ್ತೀವಿ. ನೋಡು ಮತ್ತೆ," ಎಂದ ಪ್ರೈಮಸ್.

ಪಕ್ಕದಲ್ಲೇ ನಿಂತಿದ್ದ ಸರ್ಕಾರದ ಯುದ್ಧನೌಕೆಯ ಫಿರಂಗಿಗಳು ಇತ್ತಲೇ ತಿರುಗಿದ್ದವು. ಎಫ್ರಾಯಿಂಗೆ ಅವು ಕಾಣುತ್ತಿದ್ದವು. ದಂಗೆ ಎದ್ದರೆ ಸಾವು. ಏಳದೆ, ಪ್ರೈಮಸ್ ಹೇಳಿದ್ದೇ ನಿಜವಾಗಿದ್ದರೆ? ಅದಕ್ಕೆ ಸಾವೇ ವಾಸಿ. ಅವನಿಗೆ ಆದದ್ದನ್ನು ಭಯ ಎಂದೇ ಹೇಳಬೇಕು. ಕಂದಕದಲ್ಲಿ ಪಟ್ಟ ಭಯ ಬೇರೆ, ಇದು ಬೇರೆ. ಇದು ಅವನಿಗೆ ಹಳೆಯ ಪರಿಚಯ.

ಮೀಸೆ ಮೂಡುವ ವಯಸ್ಸಿನಲ್ಲಿ ಅವನನ್ನು ರಿಚ್ಮಂಡಿನ ವ್ಯಾಪಾರಿಯೊಬ್ಬ ಕೊಂಡಿದ್ದ. ಆ ವ್ಯಾಪಾರಿ ಹೊಡೆಯಲಿಲ್ಲ, ಬೈಯಲಿಲ್ಲ. ಹೊಟ್ಟೆ ತುಂಬ ಹಂದಿ ಮಾಂಸ, ಜೋಳದ ರೊಟ್ಟಿ, ಬೆಲ್ಲದ ಪಾಕ ಹಾಕಿದ. ನೀಲಿ ಅಂಗಿ ತೊಡಿಸಿದ. ಜೀವಮಾನದಲ್ಲಿ ಮೊದಲ ಸಲ ಹೊಸ ಬಟ್ಟೆ ತೊಟ್ಟ ಎಫ್ರಾಯಿಂ, ತನಗೆ ಒಳ್ಳೆಯ ಯಜಮಾನ ಸಿಕ್ಕಿದನೆಂದು ಖುಷಿಯಿಂದ ಹಾಡು ಗುನುಗಿದ್ದ. ಮರುವಾರ ಕಟ್ಟೆಯ ಮೇಲೆ ಹತ್ತಿಸಿ ಹರಾಜು ಕೂಗಿದರು. ಮಾರಿದ್ದಕ್ಕಿಂತ ಆ ಹಾಡಿನ ನೆನಪೇ ಅವನಿಗೆ ಹೆಚ್ಚು ನೋವು ಕೊಡುತ್ತಿತ್ತು. ಅದನ್ನು ಅವನು ಡಾರ್ಕಸಳಿಗೂ ಹೇಳಿರಲಿಲ್ಲ.

ಅವನು ನೇರ ಕ್ಯಾಪ್ಟನ್ನನ ಕೋಣೆಗೆ ಹೋದ.

ಕ್ಯಾಪ್ಟನ್ ಹೋಯ್ಟ್ ಉತ್ತರದ ವರ್ಮಾಂಟಿನವನು. ಯುದ್ಧಕ್ಕೆ ಮೊದಲು ಮೇಷ್ಟ್ರಾಗಿದ್ದವನು. ಒಳ್ಳೆಯವನೇ. ಒಳ್ಳೆಯವನೆಂದು ತನಗೇ ಗೊತ್ತಿದ್ದದ್ದು ಅವನ ದೋಷ. ದಡದ ಉಗ್ರಾಣದವರ ಕಾಲು ಕೈ ಹಿಡಿದು ಈರುಳ್ಳಿ ಗಿಟ್ಟಿಸಿದವನು ಅವನೇ. ಹುಡುಗರು ಕುಣಿದಾಡುತ್ತಾರೆಂದು ಕಾಯುತ್ತಿದ್ದ.

"ಏನು ಟಾಲಿವರ್, ಈರುಳ್ಳಿ ಹೇಗಿದೆ?"

"ಯಾರೂ ಮುಟ್ಟಿಲ್ಲ ಸಾರ್."

"ಯಾಕೆ?"

ಎಫ್ರಾಯಿಂ ಹೇಳಿದ. ಅಂಗಿ, ಸ್ನಾನ, ಹಲ್ಲು, ಎಲ್ಲದಕ್ಕೂ ಹುಡುಗರು ಕಟ್ಟಿಕೊಂಡ ಅರ್ಥ ಹೇಳಿದ. ಸಂಜೆಯ ಗಂಟೆಯ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಕ್ಯಾಪ್ಟನ್ನನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

"ನಿಮ್ಮನ್ನ ಮಾರೋದಾ? ನಾನು? ನಿಮ್ಮ ಜೊತೆ ಕಂದಕದಲ್ಲಿ ಮಲಗಿದವನು ನಾನು. ನೀನೂ ಇದನ್ನ ನಂಬ್ತೀಯಾ?"

"ನನಗೆ ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ಏನರ್ಥ? ನನ್ನ ಮಾತಿಗೆ ಬೆಲೆ ಇಲ್ವಾ?"

"ನಿಮ್ಮ ಮಾತು ನಿಜ ಇರ್ಬೋದು ಸಾರ್. ನಿಮಗೇ ಯಾರಾದ್ರೂ ಸುಳ್ಳು ಹೇಳಿದ್ರೆ?"

ಕೋವಿಗಳ ವಿಷಯದಲ್ಲಿ ಮೇಲಿನವರು ಹೇಳಿಕೊಟ್ಟ ತುಕ್ಕಿನ ಸುಳ್ಳನ್ನು ಕ್ಯಾಪ್ಟನ್ನನೂ ಎದುರಾಡದೆ ಇವರಿಗೆ ದಾಟಿಸಿದ್ದನಲ್ಲ. ಅದು ಅವನಿಗೂ ನೆನಪಾಗಿರಬೇಕು.

"ಈಗ ನಾನೇನು ಮಾಡ್ಲಿ? ಬೈಬಲ್ ಮುಟ್ಟಿ ಆಣೆ ಮಾಡ್ಲಾ?"

"ಆಣೆ ಬೇಡ ಸಾರ್. ಕೋವಿ ಕೊಡಿ."

"ಏನಂದೆ?"

"ಕೋವಿ ಸಾರ್. ತೋಟಾ ಸಮೇತ. ಕೈಯಲ್ಲಿ ಕೋವಿ ಇರೋನ್ನ ಯಾರೂ ಮಾರಾಕಿಲ್ಲ, ಯಾರೂ ಕೊಳ್ಳಾಕಿಲ್ಲ. ಅದೊಂದನ್ನ ಕಣ್ಣಾರೆ ಕಂಡ್ರೆ ಹುಡುಗ್ರು ನಂಬ್ತಾರೆ. ಬೇರೆ ಏನು ಹೇಳಿದ್ರೂ ನಂಬಾಕಿಲ್ಲ."

ಕ್ಯಾಪ್ಟನ್ ಕುರ್ಚಿಯಲ್ಲಿ ಕುಸಿದು ಕುಳಿತ. ದಂಗೆಯ ವಾಸನೆ ಬಡಿಯುತ್ತಿರುವ ಹಡಗಿನಲ್ಲಿ ದಂಗೆಕೋರರಿಗೇ ಆಯುಧ ಹಂಚುವುದು! ಮೇಲಿನವರಿಗೆ ತಿಳಿದರೆ ಅವನ ಭುಜದ ಪಟ್ಟಿ ಕಿತ್ತು ಮನೆಗಟ್ಟುತ್ತಿದ್ದರು. ಹಾಗೆಂದು ಕೊಡದಿದ್ದರೆ? ಎದುರು ನಿಂತವನು ಬಾಯಿ ಬಿಟ್ಟು ಹೇಳದ ಸಂಗತಿಯನ್ನು ಅವನು ಆ ಮುಖದಲ್ಲೇ ಓದಿಕೊಂಡಿದ್ದ. ಕ್ಯಾಪ್ಟನ್ನನೂ ಬೋನಿಗೆ ಬಿದ್ದಿದ್ದ. ಬೋನು ದೊಡ್ಡದು, ಅಷ್ಟೇ ವ್ಯತ್ಯಾಸ.

"ನಾನು ಕೊಟ್ಟೆ ಅಂತಿಟ್ಕೋ," ಎಂದ ಕೊನೆಗೆ. "ನೀನೇನು ಕೊಡ್ತೀಯ?"

"ನನ್ನ ಹತ್ರ ಏನೈತೆ ಸಾರ್ ಕೊಡಾಕೆ?"

"ಮಾತು. ಈ ಹಡಗಿಂದ ಒಬ್ಬನೂ ಇಳಿದು ಹೋಗಲ್ಲ ಅಂತ ನೀನು ಮಾತು ಕೊಡು. ಬೇರೆ ಯಾರದ್ದೂ ಬೇಡ. ನಿನ್ನದು ಸಾಕು."

ಇಷ್ಟು ವರ್ಷದಲ್ಲಿ ಒಬ್ಬ ಬಿಳಿಯನೂ ಮಾತು ಕೊಡು ಎಂದು ಎಫ್ರಾಯಿಂನನ್ನು ಕೇಳಿರಲಿಲ್ಲ. ಅಪ್ಪಣೆ ಕೊಟ್ಟಿದ್ದರು, ಸರಪಳಿ ಹಾಕಿದ್ದರು. ಸರಪಳಿ ಹಾಕಿದವನಿಂದ ಓಡಿಹೋಗುವುದರಲ್ಲಿ ಪಾಪವಿರಲಿಲ್ಲ, ಎರಡು ಸಲ ಓಡಿದ್ದ. ಈಗ ಕೇಳುತ್ತಿರುವುದು ಬೇರೆ. ಕಿಟಕಿಯ ಆಚೆ ದಡದ ಗುಡಿಸಲುಗಳಿಂದ ಅಡುಗೆಯ ಹೊಗೆ ಏಳುತ್ತಿತ್ತು. ಫಿರಂಗಿಗಳೂ ಕಾಣುತ್ತಿದ್ದವು. ಕೆಳಗೆ ಪ್ರೈಮಸನೂ ಅವನ ಹಿಂದಿನವರೂ ಗಂಟೆಗಾಗಿ ಕಾಯುತ್ತಿದ್ದರು.

"ಕೊಟ್ಟೆ ಸಾರ್," ಎಂದ.

ಬೀಗ ತೆಗೆದ ಸದ್ದಿಗೆ ಹಡಗೇ ಕಿವಿಯಾಯಿತು. ಒಬ್ಬೊಬ್ಬನ ಹೆಸರು ಕರೆದು ಕೋವಿ ಕೊಟ್ಟರು, ತೋಟಾ ಕೊಟ್ಟರು. ಪ್ರೈಮಸ್ ತನ್ನದನ್ನು ಇಸಿದುಕೊಂಡು ನಳಿಗೆಯೊಳಗೆ ಇಣುಕಿದ, ಕೋವಿಯ ಕುದುರೆ ಎಳೆದು ನೋಡಿದ, ತೋಟಾ ಬಿಚ್ಚಿ ಮದ್ದನ್ನು ನಾಲಿಗೆಗೆ ಮುಟ್ಟಿಸಿ ನೋಡಿದ. ನಿಜವಾದ ಮದ್ದೇ.

"ಥೂ, ಟೆಕ್ಸಾಸೇ ಇರ್ಬೇಕು ಹಂಗಾದ್ರೆ," ಎಂದ. ಆಮೇಲೆ ಮೂಟೆಗೆ ಕೈ ಹಾಕಿ ಒಂದು ಈರುಳ್ಳಿ ತೆಗೆದು ಸಿಪ್ಪೆ ಸಮೇತ ಕಚ್ಚಿದ. ನೋಡುತ್ತಿದ್ದವರೂ ಕೈ ಹಾಕಿದರು. ಊಟದ ಗಂಟೆ ಹೊಡೆಯಿತು, ಏನೂ ಆಗಲಿಲ್ಲ. ಎಲ್ಲರ ಕಣ್ಣಲ್ಲೂ ನೀರಿತ್ತು. ಅದಕ್ಕೆ ಈರುಳ್ಳಿ ಒಂದೇ ಕಾರಣವೆಂದು ಹೇಳಲಾರೆ.

ಮಾತು ಕೊಟ್ಟವನೇ ಕಾಯಲಿ ಎಂದು ಕ್ಯಾಪ್ಟನ್ ಹಡಗಿನಿಂದ ಇಳಿಯುವ ಏಣಿಯ ಬಾಯಿಯಲ್ಲಿ ಎಫ್ರಾಯಿಂನನ್ನೇ ನಿಲ್ಲಿಸಿದ. ಮರುದಿನ ಬೆಳಿಗ್ಗೆ ದಡದಿಂದ ದೋಣಿಗಳು ಬಂದವು. ಕಡಲ ಚಿಪ್ಪು ಹೆಕ್ಕಿ ಮಾರುವ ಕರಿಯ ಬೆಸ್ತರ ದೋಣಿಗಳು. ಅವುಗಳ ತುಂಬ ಹೆಂಗಸರು. ಕ್ಯೂಬಾದ ಸುದ್ದಿ ದಡಕ್ಕೂ ಮುಟ್ಟಿತ್ತು. ಹಡಗಿನ ಸುತ್ತ ನಿಂತು ಗಂಡಂದಿರ ಹೆಸರು ಹಿಡಿದು ಕೂಗಿದರು. ಮೇಲಿನಿಂದ ಇವರು ಕೋವಿ ಎತ್ತಿ ತೋರಿಸಿದರು, ‘ಮಾರ್ತಾ ಇಲ್ಲ ಕಣ್ರೇ, ನೋಡಿ’ ಎಂದರು. ಒಂದು ಕ್ಷಣ ನಗು, ಅಳು, ಗದ್ದಲ ಎಲ್ಲ ಒಟ್ಟಿಗೇ ಎದ್ದಿತು.

ಡಾರ್ಕಸ್ ಕೂಗಲಿಲ್ಲ. ಅವಳ ದೋಣಿ ನೆಟ್ಟಗೆ ಏಣಿಯ ಬುಡಕ್ಕೇ ಬಂತು. ತಲೆಗೆ ಕಟ್ಟಿದ್ದ ಬಟ್ಟೆ ಬಿಗಿಯಾಗಿತ್ತು, ಕಾಲಿಗೆ ಯಾರದೋ ದೊಡ್ಡ ಬೂಟು ಹಾಕಿಕೊಂಡಿದ್ದಳು. ಪಕ್ಕದಲ್ಲಿ ಗಂಟೊಂದಿತ್ತು. ದೋಣಿಯ ಮುದುಕ ಹುಟ್ಟು ಹಿಡಿದು ಸಮುದ್ರ ನೋಡುತ್ತ ಕುಳಿತ.

"ಇಳ್ದು ಬಾ," ಎಂದಳು.

"ಆಗಾಕಿಲ್ಲ ಡಾರ್ಕಸ್."

"ಯಾಕಾಗಾಕಿಲ್ಲ? ಏಣಿ ಹತ್ರ ನೀನೇ ನಿಂತಿದೀಯ. ಕೋವೀನೂ ನಿನ್ನ ಕೈಯಾಗೇ ಐತೆ. ನಿನ್ನ ತಡೆಯೋರು ಯಾರವ್ರೆ?"

ಅವನು ಹೇಳಿದ. ಫಿರಂಗಿಗಳ ವಿಷಯ ಹೇಳಿದ, ಕೊಟ್ಟ ಮಾತಿನ ವಿಷಯ ಹೇಳಿದ. ಅವನು ಇಳಿದರೆ ಹಿಂದೆಯೇ ಇನ್ನೂರು ಜನ ಇಳಿಯುತ್ತಾರೆ, ಆಮೇಲೆ ಆಗುವುದು ಆಗುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೆಂಡ್ರಿಗೆ ಕೊಡ್ತಿದ್ದ ಪಡಿ ನಿಲ್ಸಿಬಿಟ್ರು," ಎಂದಳು. "ಗಂಡಂದ್ರು ಯುದ್ಧ ಮುಗಿಸವ್ರೆ, ಇನ್ನು ನೀವು ದುಡ್ಕೊಂಡು ತಿನ್ನಿ ಅಂದ್ರು. ಗುಡಿಸ್ಲೂ ಖಾಲಿ ಮಾಡ್ಬೇಕಂತೆ. ಆ ಜಾಗದ ಹಳೇ ಯಜಮಾನ ಬಂದವ್ನೆ."

"ಕ್ಯಾಪ್ಟನ್ ಹತ್ರ ಹೇಳ್ತೀನಿ."

"ನನಗೂ ಒಂದು ಮಾತು ಕೊಟ್ಟಿದ್ದೆ ನೀನು."

ಹಿಂದೆ ಹುಡುಗರು ಮಾತು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಏಣಿಗೆ ಹದಿನಾಲ್ಕೋ ಹದಿನೈದೋ ಮೆಟ್ಟಿಲು. ಎಫ್ರಾಯಿಂನ ಬಲಗಾಲು ತಾನಾಗಿಯೇ ಮುಂದೆ ಬಂದು ಅಂಚಿನ ಮೇಲೆ ನಿಂತಿತು, ಅಲ್ಲೇ ನಿಂತುಬಿಟ್ಟಿತು. ಅವನನ್ನು ಯಾರೂ ಹಿಡಿದಿರಲಿಲ್ಲ. ಹಿಡಿದಿದ್ದರೆ ಕೊಸರಿಕೊಂಡಾದರೂ ಹೋಗುತ್ತಿದ್ದ.

"ಯಾರೂ ನಿನ್ನ ಮಾರ್ಲಿಲ್ಲ ಎಫ್ರಾಯಿಂ," ಎಂದಳು ಡಾರ್ಕಸ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀನಾಗೇ ಕೊಟ್ಟುಬಂದೆ."

"ಚಳಿಗಾಲಕ್ಕೆ ಬಿಡ್ತಾರಂತೆ. ಅಲ್ಲಿಗಂಟ ತಡಿ. ಒಬ್ಳೇ ಆ ದಾರೀಲಿ ಹೋಗ್ಬೇಡ."

"ಚಳಿಗಾಲದಾಗೆ ಅವಳು ಅಲ್ಲೇ ಇರ್ತಾಳೆ ಅಂತ ಯಾರು ಕಂಡೋರು? ನಾನು ಇವತ್ತೇ ಹೊಂಟೆ." ಗಂಟನ್ನು ಮಡಿಲಿಗೆಳೆದುಕೊಂಡಳು. "ಅವಳು ಸಿಕ್ಕಿದ್ಲು ಅಂತಿಟ್ಕೋ. ಅಪ್ಪ ಎಲ್ಲಿ ಅಂತ ಕೇಳ್ತಾಳೆ. ಏನನ್ಲಿ?"

"ಬರ್ತಾನೆ ಅನ್ನು," ಎಂದ ಎಫ್ರಾಯಿಂ. "ಬಂದೇ ಬರ್ತಾನೆ ಅನ್ನು."

ಡಾರ್ಕಸ್ ಅವನ ಮುಖವನ್ನೇ ನೋಡಿದಳು. ಅಳುತ್ತಾಳೆ ಎಂದುಕೊಂಡ, ಅವಳು ಅಳಲಿಲ್ಲ.

"ನಮ್ಮವ್ವನೂ ನನಗೆ ಅದನ್ನೇ ಹೇಳ್ತಿದ್ಲು," ಎಂದಳು. "ಸಾಯೋಗಂಟ ಹೇಳಿದ್ಲು."

ಅವಳು ಮುದುಕನ ಭುಜ ಮುಟ್ಟಿದಳು. ಅವನು ಹುಟ್ಟು ಹಾಕಿ ದೋಣಿಯನ್ನು ದಡದತ್ತ ತಿರುಗಿಸಿದ. ಎಫ್ರಾಯಿಂ ಕಾಲು ಹಿಂದೆಳೆದುಕೊಂಡು, ಕೋವಿಯನ್ನು ಭುಜಕ್ಕೇರಿಸಿ, ಮುಂದಿನ ಕಾವಲುಗಾರ ಬರುವವರೆಗೂ ಏಣಿ ಕಾದ.